ಹತ್ತಕ್ಕೆ ಏಳು

ದಾವಣಗೆರೆ ಮಂಡಿಪೇಟೆಯ ಹಿಂದಿನ ಸಂದಿಯಲ್ಲಿ
ಸಂಜೆ ಖಮರಕ್ಕನ ಬಾಣಲೆ ಕಾದರೆ
ಲೋಕದ ಸುದ್ದಿಯೂ ಕಾಯುತ್ತದೆ.
ಜೆರಾಕ್ಸ್ ಅಂಗಡಿಯ ಶಟರ್ ಅರ್ಧ ಎಳೆದು ಬರುತ್ತೇನೆ ನಾನು,
ಬೆರಳಿಗೆಲ್ಲ ಟೋನರಿನ ಕಪ್ಪು.
ಅಷ್ಟರಲ್ಲಾಗಲೇ ಕೂತಿರುತ್ತಾನೆ ತಿಪ್ಪೇಶಿ,
ಸತ್ತ ಮೊಬೈಲುಗಳಿಗೆ ಬಿಸಿಗಾಳಿ ಊದಿ ಎಬ್ಬಿಸುವವನು.
ಪಕ್ಕಕ್ಕೆ ಎಟಿಎಂ ಕಾಯುವ ಪರಸಪ್ಪ.
ಕಲ್ಲಿನ ಮೇಲೆ ಕರವಸ್ತ್ರ ಹಾಸಿ ರುದ್ರಮುನಿ ಸರ್:
ಒಂದು ಕಾಲಕ್ಕೆ ಕಂಪ್ಯೂಟರ್ ಕ್ಲಾಸು, ಈಗ ಯುಪಿಎಸ್ ಬ್ಯಾಟರಿ.

"ಹೊಸ ಚಿಪ್ಪು ಬಂದೈತಂತೆ. ಕೂದಲು ಸೀಳಿ ಸೀಳಿ
ಸಾವಿರ ಪಾಲು ಮಾಡಿದ್ರೂ ಅಷ್ಟು ಸಣ್ಣ ಆಗಲ್ಲಂತೆ ಅದರ ಗೆರೆ."
"ಸಣ್ಣದಾದಷ್ಟೂ ರೇಟು ದೊಡ್ಡದು," ಎಂದ ಪರಸಪ್ಪ.
ಖಮರಕ್ಕ ಏನೂ ಅನ್ನದೆ
ಈರುಳ್ಳಿ ಹೆಚ್ಚಿದಳು, ಇನ್ನಷ್ಟು ಸಣ್ಣಗೆ.

"ಫೋನ್ ಈಗ ಮೂರು ಮಡಿಕೆ ಮಡಚಬೌದಂತೆ."
"ಪಂಚೆನೂ ಮಡಚ್ತೀವಿ. ಹರಿಯಾದು ಮಡಿಕೇಲೇ."
ತಿಪ್ಪೇಶಿಯ ಮುಖದಲ್ಲಿ ಬೆಳಕು;
ಹರಿದದ್ದು ಅವನಲ್ಲಿಗೇ ಬರಬೇಕಲ್ಲ.

"ಕೇಳಿದ್ದಕ್ಕೆಲ್ಲ ಉತ್ತರ ಹೇಳೋ ಮಿಷನ್ನು ಐತಲ್ಲ,
ಅದರ ತಲೆ ತಣ್ಣಗಿರಾಕೆ ನೀರು ಬೇಕಂತೆ, ಕೆರೆಗಟ್ಟಲೆ."
"ಹಂಗಾದ್ರೆ ಅದನ್ನೇ ಕೇಳು,
ನಮ್ಮ ಓಣಿಗೆ ನಲ್ಲಿ ಯಾವತ್ತು ಬಿಡ್ತಾರೆ?"
ತಿಪ್ಪೇಶಿ ಕೇಳಿಯೇಬಿಟ್ಟ.
ಅದು ಬಲು ವಿನಯದಿಂದ
ದಯವಿಟ್ಟು ಮಹಾನಗರ ಪಾಲಿಕೆಯನ್ನು ಸಂಪರ್ಕಿಸಿ ಎಂದಿತು.
ನಕ್ಕು ನಕ್ಕು ಪರಸಪ್ಪನಿಗೆ ಮಂಡಕ್ಕಿ ನೆತ್ತಿಗೇರಿತು.

ಆಮೇಲೆ ಶುರುವಾಯಿತು ದಿನದ ಜಗಳ:
ಅದು ಯೋಚನೆ ಮಾಡ್ತೈತೋ, ಇಲ್ಲೋ?
"ಹನ್ನೊಂದು ವರ್ಷ ರಾತ್ರಿಯೆಲ್ಲ ಎಟಿಎಂ ಪಕ್ಕ ಕೂತೀನಿ.
ಒಳಗೆ ದುಡ್ಡು ಇಟ್ಕಂಡೇ ಇಲ್ಲ ಅಂತೈತೆ ಒಂದೊಂದ್ಸಲ.
ಯೋಚನೆ ಅಲ್ದೆ ಮತ್ತೇನದು?"
"ನಾನು ಬಿಚ್ಚಿ ನೋಡೀನಿ ಮಾರಾಯ. ಒಳಗೆ ಯಾರೂ ಇಲ್ಲ."
"ಮನುಷ್ಯರನ್ನ ಬಿಚ್ಚಿದ ಡಾಕ್ಟ್ರೂ ಹಂಗೇ ಅಂತಾರೆ," ಖಮರಕ್ಕ
ನನ್ನ ಕೈಗೆ ಮಿರ್ಚಿ ಕೊಟ್ಟಳು.

ಸುತ್ತಿದ ಹಾಳೆ ಹಳದಿ ತಿರುಗಿತ್ತು.
ನೀಲಿ ಶಾಯಿ, ದುಂಡು ಅಕ್ಷರ, ಯಾರೋ ಹುಡುಗಿಯದು;
ಹೆಸರಿದ್ದ ಅಂಚು ಹರಿದಿದೆ.

'ಪ್ರಶ್ನೆ ನಾಲ್ಕು. ಗಣಕಯಂತ್ರ ಎಂದರೇನು?
ಗಣಕಯಂತ್ರವು ಹೇಳಿದಷ್ಟನ್ನೇ ಮಾಡುವ ಯಂತ್ರ.
ಅದಕ್ಕೆ ದಣಿವಿಲ್ಲ, ಬೇಸರವಿಲ್ಲ.
ಅದು ತಾನಾಗಿ ಯೋಚಿಸಲಾರದು.'

ಪಕ್ಕದಲ್ಲಿ ಕೆಂಪು ಗೀರು. ಸರಿ. ಹತ್ತಕ್ಕೆ ಏಳು.

ಗಟ್ಟಿಯಾಗಿ ಓದಿದೆ.
ರುದ್ರಮುನಿ ಸರ್ ಅಗಿಯುವುದನ್ನು ನಿಲ್ಲಿಸಿದರು.
ಹೋದ ವಾರವಷ್ಟೇ ಗೋದಾಮು ಖಾಲಿ ಮಾಡಿ
ಹಳೇ ಕ್ಲಾಸಿನದೆಲ್ಲ ರದ್ದಿಗೆ ಹಾಕಿದ್ದರಂತೆ,
ಕೆಜಿಗೆ ಹದಿನಾಲ್ಕು.

"ಉತ್ತರ ಸರಿ ಐತಲ್ಲ ಸರ್, ಮೂರು ಮಾರ್ಕ್ಸ್ ಯಾಕೆ ಹೋತು?"
ಕನ್ನಡಕ ಮೇಲೆತ್ತಿ ನೋಡಿದರು.
"ಚಿತ್ರ ಬರೆದಿಲ್ಲ."
ಇಪ್ಪತ್ತೆರಡು ವರ್ಷದ ಮೇಲೂ ಅದೇ ಗತ್ತು.

ಎಣ್ಣೆ ಇಳಿಯುತ್ತಿತ್ತು ಹಾಳೆಯೊಳಕ್ಕೆ.
'ಲಾರದು' ಅನ್ನುವಲ್ಲಿ ಕಾಗದ ಗಾಜಾಯಿತು,
ಗಾಜಿನ ಆಚೆಗೆ
ಸ್ಕೇಲಿಟ್ಟು ಎಳೆದ ಗೆರೆಗಳು, ತಿರುವುಮುರುವು:
ಒಂದು ಪರದೆ, ಒಂದು ಕೀಲಿಮಣೆ, ಬಾಲದ ಇಲಿ,
ಬಾಣದ ಗುರುತು ಹಾಕಿ ಬರೆದ ಹೆಸರುಗಳು.

"ಹಾಳೆ ಮಗುಚೇ ಇಲ್ಲ ನಾನು," ಎಂದರು ಸರ್,
ಯಾರಿಗೆಂದು ತಿಳಿಯಲಿಲ್ಲ.

ನನ್ನ ಪೆನ್ನು ಇಸಿದುಕೊಂಡು
ಏಳನ್ನು ಹೊಡೆದು ಹತ್ತು ಬರೆಯಹೋದರು.
ಎಣ್ಣೆಯ ಮೇಲೆ ಶಾಯಿ ಹಿಡಿಯಲಿಲ್ಲ.
ಊದಿದರು, ಪಂಚೆಯಂಚಿನಲ್ಲಿ ಒರೆಸಿದರು, ಮತ್ತೆ ತಿದ್ದಿದರು.
ಬರೀ ಒತ್ತು ಮೂಡಿತು, ಅಂಕಿಯಲ್ಲ.

ಯೋಚನೆಯ ಜಗಳ ಅಲ್ಲೇ ಬಿದ್ದಿತ್ತು, ಯಾರೂ ಎತ್ತಲಿಲ್ಲ.
ತಿಪ್ಪೇಶಿ ಬ್ಯಾಟರಿಯ ರೇಟು ಕೇಳಿದ.

"ಇನ್ನೊಂದು ಮಿರ್ಚಿ ಹಾಕ್ಲಾ ಸರ್?"
"ಹಾಕಮ್ಮ," ಎಂದರು,
ಹಾಳೆಯನ್ನು ನಾಲ್ಕು ಮಡಿಕೆ ಮಾಡುತ್ತ,
"ಬೇರೆ ಪೇಪರಲ್ಲಿ ಕೊಡು."